ಒಂದೇ ನಂಬರ್ ನೋಡಿ ಬರೆದ ಔಟ್‌ಲುಕ್

2019ರ ಜೂನ್ ಮುಗಿಯುತ್ತಿತ್ತು. ಮುಂಗಾರು ದೇಶದಲ್ಲಿ ವಾಡಿಕೆಗಿಂತ ಸುಮಾರು 33% ಕಡಿಮೆ. ನಿನ್ಯೋ 3.4, ಅಂದ್ರೆ ಪೆಸಿಫಿಕ್‌ನ ನಡುಭಾಗದ ನೀರು ವಾಡಿಕೆಗಿಂತ ಎಷ್ಟು ಬಿಸಿ ಅಂತ ಹೇಳುವ ಇಂಡೆಕ್ಸ್, ಇನ್ನೂ 0.5 ಡಿಗ್ರಿಯ ಆಸುಪಾಸಿನಲ್ಲಿತ್ತು. ಆ ನೀರು ಬಿಸಿಯಾಗಿ ಸಾಮಾನ್ಯವಾಗಿ ನಮ್ಮ ಮಳೆ ತಗ್ಗಿಸುವ ಎಲ್ ನಿನ್ಯೋ ಪೂರ್ತಿ ಹೋಗಿರಲಿಲ್ಲ. ಎರಡನ್ನೂ ಜೋಡಿಸಿ ಮಳೆಯ ಔಟ್‌ಲುಕ್‌ನ (ಮುನ್ನೋಟದ) ಡ್ರಾಫ್ಟ್ ಬರೆದೆ: ಉಳಿದ ಮೂರು ತಿಂಗಳೂ ಕೊರತೆ.

ರಿವ್ಯೂ ಕಾಲ್‌ನಲ್ಲಿ ಮೇಡಂ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಂಡೆಕ್ಸ್ ಸರಿ. ಅನಾಮಲಿ ಮ್ಯಾಪ್ ತೆಗೀರಿ."

ಸಮುದ್ರದ ನೀರು ಎಲ್ಲಿ ವಾಡಿಕೆಗಿಂತ ಬಿಸಿ (ಕೆಂಪು), ಎಲ್ಲಿ ತಂಪು (ನೀಲಿ) ಅಂತ ತೋರಿಸುವ ಆ ಮ್ಯಾಪ್ ಅನ್ನು ನಾನು ಎರಡು ವಾರದಿಂದ ತೆಗೆದೇ ಇರಲಿಲ್ಲ. ಪೇಜ್ ಸುತ್ತುತ್ತಲೇ ಇತ್ತು, ಯಾರೂ ಮಾತಾಡಲಿಲ್ಲ, ನನ್ನ ಕೈ ಬೆವರುತ್ತಿತ್ತು. ಕೊನೆಗೂ ಬಂತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಕೆಂಪು, ಸುಮಾತ್ರಾ ಕರಾವಳಿಯ ಕಡೆ ನೀಲಿ. ಪಾಸಿಟಿವ್ ಡೈಪೋಲ್ ಶುರುವಾಗಿತ್ತು: ಹೀಗೆ ಪಶ್ಚಿಮ ಬಿಸಿ, ಪೂರ್ವ ತಂಪು ಇದ್ದರೆ ಸಾಮಾನ್ಯವಾಗಿ ನಮ್ಮ ಮಳೆಗೆ ಅನುಕೂಲ.

"1997 ನೆನಪಿದೆಯಾ?" ಅಂದರು.

ನೆನಪಿಲ್ಲದೇ ಏನು! ಆ ವರ್ಷದ ಎಲ್ ನಿನ್ಯೋ ಶತಮಾನದ ದೊಡ್ಡವುಗಳಲ್ಲಿ ಒಂದು, ಆದರೂ ನಮ್ಮ ಮುಂಗಾರು ವಾಡಿಕೆಯ 102%. 2002ರದ್ದು ಅಷ್ಟು ಜೋರಿನದ್ದಲ್ಲ, ಮಳೆ ಮಾತ್ರ 81%, ಜುಲೈಯಲ್ಲಂತೂ ಅರ್ಧ ಮಳೆಯೇ ಬರಲಿಲ್ಲ. 1997ರಲ್ಲಿ ಪೆಸಿಫಿಕ್‌ನ ಬಿಸಿ ಪೂರ್ವದ ತುದಿಯಲ್ಲಿ, ಜೊತೆಗೆ ಇತ್ತ ಡೈಪೋಲ್. 2002ರಲ್ಲಿ ಬಿಸಿ ನಡುಭಾಗಕ್ಕೆ ಸರಿದಿತ್ತು. ನೀರು ಬಿಸಿಯಾದ ಕಡೆ ಗಾಳಿ ಮೇಲೇಳುತ್ತದೆ, ಎದ್ದ ಗಾಳಿ ಇನ್ನೆಲ್ಲೋ ಇಳಿಯಲೇಬೇಕು, ಇಳಿಯುವ ಕಡೆ ಮೋಡ ಕಟ್ಟುವುದಿಲ್ಲ. ಹಾಗಾಗಿ ಎಷ್ಟು ಬಿಸಿ ಅನ್ನುವುದಕ್ಕಿಂತ ಎಲ್ಲಿ ಬಿಸಿ ಅನ್ನುವುದು ಜಾಸ್ತಿ ಮುಖ್ಯ. ಹೊಸಬರಿಗೆ ಈ ಎರಡು ಮ್ಯಾಪ್ ಪಕ್ಕಪಕ್ಕ ಇಟ್ಟು ಪಾಠ ಮಾಡುತ್ತಿದ್ದವನು ನಾನೇ.

ಆದರೂ ವಾದ ಮಾಡಿದೆ. ಡೈಪೋಲ್ ಈಗಷ್ಟೇ ಶುರು, ಗಟ್ಟಿಯಾಗುವ ಗ್ಯಾರಂಟಿ ಇಲ್ಲ, ಬುಲೆಟಿನ್‌ಗೆ ಒಂದು ಗಂಟೆ ಮಾತ್ರ ಉಳಿದಿದೆ ಅಂದೆ. ಮ್ಯಾನೇಜ್‌ಮೆಂಟ್‌ಗೂ ಒಂದೇ ಸಾಲಿನ ಉತ್ತರ ಬೇಕಿತ್ತು. ಡ್ರಾಫ್ಟ್ ಹಾಗೇ ಹೋಯಿತು.

ಜುಲೈಯಲ್ಲಿ ಮಳೆ ವಾಡಿಕೆ ದಾಟಿತು. ಆಗಸ್ಟ್ 115%, ಸೆಪ್ಟೆಂಬರ್ 152%, ಇಡೀ ಸೀಸನ್ 110%. ಅಷ್ಟನ್ನೂ ಡೈಪೋಲ್ ಒಂದೇ ತಂದಿತು ಅಂತ ನಾನು ಹೇಳುವುದಿಲ್ಲ. ಆದರೆ ಅದು ಬೆಳೆಯುತ್ತಲೇ ಹೋಯಿತು, ವರ್ಷದ ಕೊನೆಗೆ ಪೂರ್ವ ಆಫ್ರಿಕಾದಲ್ಲಿ ಪ್ರವಾಹ, ಆಸ್ಟ್ರೇಲಿಯಾದಲ್ಲಿ ಬರ ಮತ್ತು ಕಾಳ್ಗಿಚ್ಚು.

ಒಂದು ಅಣೆಕಟ್ಟಿನ ಎಂಜಿನಿಯರ್ ಫೋನ್ ಮಾಡಿದ್ದರು. ಬೈಯಲಿಲ್ಲ. "ಕೊರತೆ ಅಂದ್ರಿ ಅಂತ ನೀರು ಹಿಡಿದಿಟ್ಟುಕೊಂಡೆವು ಸರ್, ಆಮೇಲೆ ಒಟ್ಟಿಗೇ ಬಿಡಬೇಕಾಯಿತು" ಅಂದರು, ಅಷ್ಟೇ. ಆ ದನಿ ಇವತ್ತಿಗೂ ಕಿವಿಯಲ್ಲಿದೆ.

ಈಗ ಮ್ಯಾಪ್ ನೋಡದೆ ಒಂದು ಸಾಲೂ ಬರೆಯುವುದಿಲ್ಲ. ನಮ್ಮ ಡ್ಯಾಶ್‌ಬೋರ್ಡ್ ತೆರೆದರೆ ಮಾತ್ರ ಮೊದಲು ಕಾಣುವುದು ಇನ್ನೂ ಅದೇ ಒಂದು ನಂಬರ್. ಅಲ್ಲಿ ಮ್ಯಾಪ್ ಹಾಕಿ ಅಂತ ಎರಡು ಸಲ ಬರೆದು ಕೊಟ್ಟಿದ್ದೇನೆ, ಈ ವಾರ ಮತ್ತೆ ಕೇಳುತ್ತೇನೆ.