ಕಂಟ್ರೋಲ್ ಗುಂಪಿನ ಹೆಂಗಸರಿಗೆ ಏನು ಕೊಡಬೇಕಿತ್ತು?

ಭಾರತದಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಪ್ರಯೋಗಗಳು ನಡೆದಾಗ ಕಂಟ್ರೋಲ್ ಗುಂಪಿನಲ್ಲಿದ್ದ, ಅಂದರೆ ಹೋಲಿಕೆಗೆಂದು ತಪಾಸಣೆಯಿಲ್ಲದೆ ಬಿಟ್ಟ ಹೆಂಗಸರ ಕುರಿತ ಪ್ರಶ್ನೆ ಇದು. ಅದಕ್ಕೆ ಮೊದಲು ಒಂದು ಹಳೆಯ ಪ್ರಯೋಗ ನೋಡೋಣ. 1948ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಪ್ರಯೋಗದ ವರದಿ ಹೊರತಂದಿತು. ರೋಗಿಗಳು 107 ಮಂದಿ. ಯಾರಿಗೆ ಔಷಧ, ಯಾರಿಗೆ ಬರೀ ಹಾಸಿಗೆ ವಿಶ್ರಾಂತಿ ಎಂಬುದನ್ನು ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ರ್‍ಯಾಂಡಮ್ ಸಂಖ್ಯೆಗಳಿಂದ ಗೊತ್ತುಮಾಡಿ ಮುಚ್ಚಿದ ಲಕೋಟೆಗಳಲ್ಲಿ ಇಡಿಸಿದ್ದರು. ರೋಗಿಯನ್ನು ಸೇರಿಸಿಕೊಳ್ಳುವುದೆಂದು ತೀರ್ಮಾನವಾದ ಮೇಲಷ್ಟೇ ಲಕೋಟೆ ಒಡೆಯಬೇಕು. ಎಕ್ಸ್‌ರೇ ನೋಡಿದ ತಜ್ಞರಿಗೆ ಅದು ಯಾವ ಗುಂಪಿನವರದೆಂದು ತಿಳಿಸಿರಲಿಲ್ಲ. ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ 4 ಮಂದಿ, ಪಡೆಯದ 52 ಜನರಲ್ಲಿ 14 ಮಂದಿ ತೀರಿಕೊಂಡರು.

ಸಂಶೋಧನೆಯಲ್ಲಿ ವಸ್ತುನಿಷ್ಠತೆ ಎಂದರೆ ಇಂಥ ಏರ್ಪಾಟು. ಸಂಶೋಧಕ ಎಷ್ಟೇ ಪ್ರಾಮಾಣಿಕನಾಗಿರಲಿ, ಮುಂದಿನ ಲಕೋಟೆಯಲ್ಲಿ ಏನಿದೆ ಎಂದು ಗೊತ್ತಾದರೆ ಸಾಕು, ತೀರಾ ಸೊರಗಿದ ರೋಗಿಯನ್ನು 'ನಾಳೆ ನೋಡೋಣ' ಎಂದು ಮುಂದೂಡಿಬಿಡುತ್ತಾನೆ. ಗುಂಪುಗಳ ಸಮತೋಲ ಅಲ್ಲಿಗೆ ಕೆಟ್ಟಿತು. ಲಕೋಟೆ ತೆಳುವಾಗಿದ್ದರೆ ದೀಪಕ್ಕೆ ಹಿಡಿದು ಓದಬಹುದು. ಒಳಗೆ ಕಾರ್ಬನ್ ಹಾಳೆಯನ್ನೋ ಫಾಯಿಲನ್ನೋ ಇಡುವುದು ಅದಕ್ಕೇ. ಪ್ರತಿ ನಾಲ್ಕು ರೋಗಿಗಳಿಗೆ ಎರಡು-ಎರಡರಂತೆ ಹಂಚುವ ಪಟ್ಟಿಯಾದರೆ, ಮೊದಲ ಮೂರು ಕಂಡವರಿಗೆ ನಾಲ್ಕನೆಯದು ಊಹೆಗೆ ಸಿಕ್ಕಿಬಿಡುತ್ತದೆ. ಹಾಗಾಗಿ ಇಂಥ ಒಂದೊಂದು ಕಂತಿನ, ಅಂದರೆ ಬ್ಲಾಕಿನ, ಗಾತ್ರವನ್ನು 4, 6, 8 ಎಂದು ಬದಲಿಸುತ್ತಾರೆ, ಬದಲಿಸಿದ್ದನ್ನು ಸೇರ್ಪಡೆ ಮಾಡುವವರಿಗೆ ತಿಳಿಸುವುದಿಲ್ಲ. ಈಗ ಬಹುತೇಕ ಕಡೆ ಈ ಕೆಲಸ ಕೇಂದ್ರದ ಕಂಪ್ಯೂಟರಿಗೆ ಹೋಗಿದೆ.

ಔಷಧ ಸಿಗದ ಆ 52 ಜನರಿಗೆ ತಾವು ಪ್ರಯೋಗದಲ್ಲಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಹಿಲ್ ಕೊಟ್ಟ ಸಮರ್ಥನೆ ಇದು: ದೇಶದಲ್ಲಿದ್ದ ಸ್ಟ್ರೆಪ್ಟೊಮೈಸಿನ್ ಎಲ್ಲರಿಗೂ ಸಾಲುತ್ತಿರಲಿಲ್ಲ, ಕೆಲವರಿಗೆ ಹೇಗೂ ಸಿಗುತ್ತಿರಲಿಲ್ಲ, ಹಾಗಿರುವಾಗ ಚೀಟಿ ಎತ್ತಿ ಹಂಚಿ ಕಲಿಯುವುದೇ ಸರಿ. ಔಷಧ ನಿಜಕ್ಕೂ ವಿರಳವಾಗಿತ್ತು, ಅದರ ಗುಣವೂ ಇನ್ನೂ ಖಚಿತವಿರಲಿಲ್ಲ. ಈ ಎರಡು ಮಾತು ಒಟ್ಟಿಗೆ ನಿಜವಾಗಿದ್ದರಿಂದ ಸಮರ್ಥನೆಗೆ ಬಲವಿತ್ತು ಎಂದೇ ನನ್ನ ಎಣಿಕೆ. ತಿಳಿಸದೆ ಇದ್ದದ್ದಕ್ಕೆ ಮಾತ್ರ ಆ ಬಲ ಒದಗುವುದಿಲ್ಲ.

'ಹೇಗೂ ಸಿಗುತ್ತಿರಲಿಲ್ಲ' ಎಂಬ ಇದೇ ವಾದ ಐವತ್ತು ವರ್ಷದ ನಂತರ ನಮ್ಮ ದೇಶದಲ್ಲಿ ಮತ್ತೆ ಕೇಳಿಬಂತು. 1998ರಿಂದೀಚೆಗೆ ಗರ್ಭಕಂಠದ ಕ್ಯಾನ್ಸರಿನ ತಪಾಸಣೆ ಕುರಿತು ಮೂರು ದೊಡ್ಡ ಪ್ರಯೋಗಗಳು ನಡೆದವು: ಮುಂಬಯಿಯ ಕೊಳೆಗೇರಿಗಳಲ್ಲಿ, ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ತಮಿಳುನಾಡಿನ ದಿಂಡಿಗಲ್ಲಿನಲ್ಲಿ. ಮುಂಬಯಿಯದಕ್ಕೆ ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಹಣ ಕೊಟ್ಟಿತ್ತು. ಮುಂಬಯಿ, ದಿಂಡಿಗಲ್ಲಿನಲ್ಲಿ ಪರೀಕ್ಷೆಗಿಟ್ಟದ್ದು ವಿಐಎ, ಅಂದರೆ ವಿನೆಗರ್ ತಪಾಸಣೆ: ಗರ್ಭಕಂಠಕ್ಕೆ 3ರಿಂದ 5 ಶೇಕಡ ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಬಿಟ್ಟು ಬರಿಗಣ್ಣಿನಿಂದ ನೋಡುವುದು, ಕ್ಯಾನ್ಸರಿಗೆ ತಿರುಗಬಹುದಾದ ಜಾಗ ಬೆಳ್ಳಗಾಗುತ್ತದೆ. ಮುಂಬಯಿಯಲ್ಲಿ ಇದನ್ನು ಮಾಡಿದವರು ಸ್ವಲ್ಪಕಾಲ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಉಸ್ಮಾನಾಬಾದಿನಲ್ಲಿ ನಾಲ್ಕು ಗುಂಪು: ಎಚ್‌ಪಿವಿ ಪರೀಕ್ಷೆ (ಈ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸನ್ನು ಹುಡುಕುವುದು), ಪ್ಯಾಪ್ ಸ್ಮಿಯರ್ (ಗರ್ಭಕಂಠದ ಜೀವಕೋಶಗಳನ್ನು ತೆಗೆದು ಸ್ಲೈಡಿನಲ್ಲಿ ನೋಡುವುದು), ವಿಐಎ, ಮತ್ತು ಯಾವ ತಪಾಸಣೆಯೂ ಇಲ್ಲದ ಕಂಟ್ರೋಲ್.

ಅಳತೆಯ ಕಡೆಯಿಂದ ಇವು ಗಟ್ಟಿ ಕೆಲಸಗಳು. ವ್ಯಕ್ತಿಗಳ ಬದಲು ಇಡೀ ಹಳ್ಳಿಯನ್ನೋ ಬಡಾವಣೆಯನ್ನೋ ಚೀಟಿಗೆ ಹಾಕಿದರು. ಹಾಗೆ ಮಾಡದಿದ್ದರೆ ಒಂದೇ ಮನೆಯ ಅತ್ತೆ ಒಂದು ಗುಂಪು, ಸೊಸೆ ಇನ್ನೊಂದು ಗುಂಪು ಆಗಿ ಎಲ್ಲ ಕಲಸಿಹೋಗುತ್ತದೆ. ಫಲಿತಾಂಶವನ್ನು ಸಾವಿನಿಂದ ಅಳೆದದ್ದೂ ಸರಿಯೇ. ತಪಾಸಣೆ ನಡೆದ ಊರಿನಲ್ಲಿ ಮೊದಮೊದಲು ಕ್ಯಾನ್ಸರ್ ಹೆಚ್ಚೇ ಪತ್ತೆಯಾಗುತ್ತದೆ, ಹುಡುಕಿದ್ದರಿಂದ. ಪತ್ತೆಯಾದಾಗಿನಿಂದ ಎಷ್ಟು ವರ್ಷ ಬದುಕಿದರು ಎಂದು ಎಣಿಸಿದರೂ ಮೋಸವೇ: ಎರಡು ವರ್ಷ ಮೊದಲೇ ಪತ್ತೆಯಾದವರು ಅದೇ ದಿನ ಸತ್ತರೂ ಲೆಕ್ಕದಲ್ಲಿ ಎರಡು ವರ್ಷ ಹೆಚ್ಚು ಬದುಕಿದಂತೆ ಕಾಣುತ್ತದೆ. ಸಾವಿನ ಲೆಕ್ಕದಲ್ಲೂ ಒಂದು ತೂತಿದೆ. ಆಸ್ಪತ್ರೆಯ ಕಾಗದ ಇಲ್ಲದ ಮನೆಯಲ್ಲಿ ಸಾವಿನ ಕಾರಣವನ್ನು ಮನೆಯವರ ಮಾತಿನಿಂದಲೇ ಗೊತ್ತುಮಾಡಬೇಕಾಗುತ್ತದೆ. ಕಾರಣ ಬರೆಯುವವರಿಗೆ ಅದು ಯಾವ ಗುಂಪಿನ ಊರು ಎಂದು ತಿಳಿದಿದ್ದರೆ 'ಹೊಟ್ಟೆನೋವು, ರಕ್ತಸ್ರಾವ' ಎಂಬ ಮಾತು ಒಂದು ಕಡೆ ಕ್ಯಾನ್ಸರ್ ಆಗುತ್ತದೆ, ಇನ್ನೊಂದು ಕಡೆ ಬೇರೇನೋ ಆಗುತ್ತದೆ.

ಉಸ್ಮಾನಾಬಾದಿನ ಫಲಿತಾಂಶ 2009ರಲ್ಲಿ ಬಂತು. ಎಚ್‌ಪಿವಿ ಪರೀಕ್ಷೆಯ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ಸತ್ತವರು 34, ಕಂಟ್ರೋಲ್ ಗುಂಪಿನಲ್ಲಿ 64. ಅಲ್ಲಿ ವಿಐಎ ಸಾವನ್ನು ಗಣನೀಯವಾಗಿ ಇಳಿಸಲಿಲ್ಲ. ದಿಂಡಿಗಲ್ಲಿನಲ್ಲಿ ಅದೇ ವಿಐಎ ಸಾವನ್ನು 35 ಶೇಕಡ, ಮುಂಬಯಿಯಲ್ಲಿ 31 ಶೇಕಡ ತಗ್ಗಿಸಿತು.

ಮೂರೂ ಪ್ರಯೋಗ ಸೇರಿ ತಪಾಸಣೆ ಇಲ್ಲದ ಗುಂಪಿನಲ್ಲಿ ಇದ್ದ ಹೆಂಗಸರು ಸುಮಾರು 1,38,000. ಅವರಲ್ಲಿ 254 ಮಂದಿ ಈ ಕ್ಯಾನ್ಸರಿನಿಂದಲೇ ಸತ್ತರು ಎಂದು ಅಮೆರಿಕದ ರೋಗಶಾಸ್ತ್ರಜ್ಞ ಎರಿಕ್ ಸೂಬಾ ಲೆಕ್ಕ ಮುಂದಿಟ್ಟಾಗ ವಿವಾದ ಎದ್ದಿತು. ಸಂಶೋಧಕರ ಉತ್ತರ: ಭಾರತದ ಹೆಂಗಸರಿಗೆ ಮಾಮೂಲಿಯಾಗಿ ಸಿಗುತ್ತಿದ್ದದ್ದು ಏನೂ ಇಲ್ಲ, ಆದ್ದರಿಂದ ಹೋಲಿಕೆಯೂ ಅದರೊಂದಿಗೇ. ಪ್ಯಾಪ್ ಪರೀಕ್ಷೆಗೆ ಲ್ಯಾಬು ಬೇಕು, ಸ್ಲೈಡ್ ಓದುವವರು ಬೇಕು, ಹೆಂಗಸರು ಮತ್ತೆ ಬರಬೇಕು. ಇಡೀ ದೇಶಕ್ಕೆ ಅದು ಆಗದ ಮಾತು.

ಈ ಉತ್ತರದಲ್ಲಿ ಹುರುಳಿಲ್ಲ ಎಂದು ತಳ್ಳಿಹಾಕಲು ಬರುವುದಿಲ್ಲ. ಆದರೆ 1948ರ ಎರಡು ಮಾತುಗಳನ್ನು (ಔಷಧ ವಿರಳ, ಅದರ ಗುಣ ಖಚಿತವಿಲ್ಲ) ಇಲ್ಲಿಟ್ಟು ನೋಡಿ. ಪ್ಯಾಪ್ ಪರೀಕ್ಷೆ ಸಾವನ್ನು ತಗ್ಗಿಸುತ್ತದೆ ಎಂಬುದು ಅಷ್ಟರಲ್ಲಿ ಬೇರೆ ದೇಶಗಳ ದಶಕಗಳ ಅನುಭವದಿಂದ ತಿಳಿದಿತ್ತು. ಅಭಾವವೂ ಹಣದ್ದು, ವ್ಯವಸ್ಥೆಯದ್ದು. ಪ್ರಯೋಗದ ಬಜೆಟ್ಟಿನೊಳಗೆ ಅದನ್ನು ನೀಗಿಸಬಹುದಿತ್ತು. ನೀಗಿಸಬಹುದಿತ್ತು ಎಂಬುದಕ್ಕೆ ಉಸ್ಮಾನಾಬಾದೇ ಸಾಕ್ಷಿ, ಅಲ್ಲಿ ಒಂದು ಗುಂಪಿಗೆ ಪ್ಯಾಪ್ ಪರೀಕ್ಷೆಯನ್ನೇ ಮಾಡಿದ್ದರು. ಕಂಟ್ರೋಲ್ ಗುಂಪಿನವರೂ ಸೇರಿ ಪ್ರತಿ ರೋಗಿಗೂ ಸಾಬೀತಾದ ಅತ್ಯುತ್ತಮ ವಿಧಾನ ಸಿಗಬೇಕು ಎಂದು, ವೈದ್ಯಕೀಯ ಸಂಶೋಧನೆಯ ನೀತಿಗಳನ್ನು ಹೇಳುವ ಹೆಲ್ಸಿಂಕಿ ಘೋಷಣೆಯ 1996ರ ಆವೃತ್ತಿಯಲ್ಲಿತ್ತು. ಆರೋಗ್ಯವಂತ ಹೆಂಗಸರು 'ರೋಗಿ' ಅಲ್ಲವಲ್ಲ ಎಂಬ ಸಂದಿಯಲ್ಲಿ ನುಸುಳಬಹುದು, ಆದರೆ ಅದು ಗೌರವದ ದಾರಿಯಲ್ಲ.

ಹಾಗಾದರೆ ಎಲ್ಲರಿಗೂ ಏನಾದರೊಂದು ತಪಾಸಣೆ ಕೊಟ್ಟು ಹೋಲಿಸಬಾರದಿತ್ತೇ? ಹೋಲಿಸಬಹುದಿತ್ತು, ತಾಂತ್ರಿಕ ಬೆಲೆ ತೆತ್ತು. ಏನೂ ಇಲ್ಲದ್ದರ ಎದುರು ವ್ಯತ್ಯಾಸ ದೊಡ್ಡದು, ಕಡಿಮೆ ಜನರಲ್ಲೇ ಕಾಣುತ್ತದೆ. ಎರಡೂ ಕೆಲಸ ಮಾಡುವ ವಿಧಾನಗಳಾದರೆ ವ್ಯತ್ಯಾಸ ಚಿಕ್ಕದು. 'ಇದು ಅದಕ್ಕಿಂತ ತೀರಾ ಕಡಿಮೆಯಿಲ್ಲ' ಎಂದು ತೋರಿಸಲು ಇನ್ನೂ ಹೆಚ್ಚು ಹೆಂಗಸರು ಬೇಕು, ಎಷ್ಟರವರೆಗೆ ಕಡಿಮೆಯಾದರೆ ಒಪ್ಪಬಹುದು ಎಂಬ ಗೆರೆಯನ್ನೂ ಮೊದಲೇ ಎಳೆಯಬೇಕು. ಸಾವಿರಕ್ಕೆ ಎಷ್ಟು ಹೆಚ್ಚು ಸಾವನ್ನು ಸಹಿಸುತ್ತೇವೆ ಎಂಬ ಆ ಗೆರೆ ಯಾವ ಸೂತ್ರದಿಂದಲೂ ಬರುವುದಿಲ್ಲ. ಯಾರೋ ಕುಳಿತು ತೀರ್ಮಾನಿಸಬೇಕು, ಕಾರಣ ಬರೆಯಬೇಕು, ಸಹಿ ಹಾಕಬೇಕು.

ನೈತಿಕ ತೀರ್ಮಾನ ಎಂದರೆ ಅವರವರ ಅಭಿರುಚಿ ಎಂದು ಕೈಚೆಲ್ಲುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಲಕೋಟೆಗೆ ತೋರಿದ ಶಿಸ್ತನ್ನು ಇಲ್ಲೂ ತೋರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯಂತೆ, ಪ್ರಯೋಗಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ನೈತಿಕತಾ ಸಮಿತಿಯಲ್ಲಿ 7ರಿಂದ 15 ಸದಸ್ಯರು. ಅಧ್ಯಕ್ಷರು ಸಂಸ್ಥೆಯ ಹೊರಗಿನವರು. ಕಾನೂನು ಬಲ್ಲವರು, ಸಾಮಾನ್ಯ ನಾಗರಿಕರು ಇರಬೇಕು. ಆ ಸಾಮಾನ್ಯ ನಾಗರಿಕರ ಮುಂದೆ ನೂರಾರು ಪುಟದ ಪ್ರೋಟೊಕಾಲ್ (ಪ್ರಯೋಗದ ಯೋಜನೆ) ಇಟ್ಟರೆ ಅವರು ಸುಮ್ಮನೆ ತಲೆಯಾಡಿಸುತ್ತಾರೆ. ಒಂದೇ ಪುಟ ಕನ್ನಡದಲ್ಲೋ ಮರಾಠಿಯಲ್ಲೋ ಕೊಡಿ: ಕಂಟ್ರೋಲ್ ಗುಂಪಿಗೆ ಏನು ಸಿಗುತ್ತದೆ, ಬೇರೆಡೆ ಏನು ಸಾಬೀತಾಗಿದೆ, ಈ ಗುಂಪಿನಲ್ಲಿ ಎಷ್ಟು ಸಾವು ನಿರೀಕ್ಷಿತ, ನಡುವೆ ಯಾವ ಅಂಕಿ ಬಂದರೆ ನಿಲ್ಲಿಸುತ್ತೇವೆ. ಸಾವಿನ ಅಂದಾಜು ಸಂಶೋಧಕರ ಬಳಿ ಇದ್ದೇ ಇರುತ್ತದೆ. ಅದಿಲ್ಲದೆ ಎಷ್ಟು ಜನ ಬೇಕೆಂದು ಲೆಕ್ಕ ಹಾಕಲು ಆಗುವುದೇ ಇಲ್ಲ. ಸಮ್ಮತಿ ಪತ್ರದಲ್ಲೂ ಹೆಂಗಸರಿಗೆ ಆ ಮಾತು ಹೇಳಬೇಕು: ಇಂಥದೊಂದು ತಪಾಸಣೆ ಇದೆ, ಈ ಪ್ರಯೋಗದಲ್ಲಿ ನಿಮಗೆ ಅದು ಸಿಗುವುದಿಲ್ಲ, ಬೇಕಿದ್ದರೆ ಇಂಥ ಆಸ್ಪತ್ರೆಗೆ ಹೋಗಿ.

ಆ ಪುಟದಲ್ಲಿ ಇನ್ನೊಂದು ಸಾಲೂ ಇರಲಿ: ಉತ್ತರ ಸಿಕ್ಕ ಮೇಲೆ ಈ ಊರುಗಳಲ್ಲಿ ತಪಾಸಣೆಯನ್ನು ಯಾರು, ಯಾವ ಹಣದಿಂದ, ಯಾವ ವರ್ಷದೊಳಗೆ ಶುರುಮಾಡುತ್ತಾರೆ. ಕೇಂದ್ರ ಆರೋಗ್ಯ ಸಚಿವಾಲಯ 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ವಿಐಎ ಮಾಡಬೇಕೆಂಬ ಮಾರ್ಗಸೂಚಿ ಹೊರಡಿಸಿದ್ದು 2016ರಲ್ಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಹೆಂಗಸರ ಪೈಕಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಆದವರು 1.9 ಶೇಕಡ.