ರಿಪೋರ್ಟಲ್ಲಿ ಎಂತದೂ ಇಲ್ಲ

"ರಿಪೋರ್ಟಲ್ಲಿ ಎಂತದೂ ಇಲ್ಲ ಅಲ್ವಾ? ಮತ್ತೆ ಎಂತಕ್ಕೆ ಕೂತದ್ದು?"

ಮೊನ್ನೆ ಉಡುಪಿಯಲ್ಲಿ ಉಪನಯನದ ಊಟ ಮುಗಿಯುವಾಗ ಮಾವ ಕೇಳಿದ್ದು. ವಾರ ಮುಗಿಯುತ್ತಾ ಬಂತು, ಕಿವಿಯಿಂದ ಹೋಗಿಲ್ಲ.

ನೆಲದಲ್ಲಿ ಸಾಲಾಗಿ ಕೂತು ಉಂಡೆವು. ಮೇ ತಿಂಗಳ ಸೆಕೆ, ಫ್ಯಾನ್ ಇದ್ದದ್ದು ಪುರೋಹಿತರ ಕಡೆಗೆ. ಮಟ್ಟುಗುಳ್ಳದ ಹುಳಿ ಚೆನ್ನಾಗಿತ್ತು, ಎರಡನೇ ಸಲ ಹಾಕಿಸಿಕೊಂಡೆ. ಮಜ್ಜಿಗೆ ಮುಗಿದದ್ದೇ ಎಲ್ಲರೂ ಒಟ್ಟಿಗೆ ಎದ್ದರು. ಮುಂದಿನ ಪಂಕ್ತಿಯವರು ಆಗಲೇ ಬಾಗಿಲಲ್ಲಿ. ನಾನೂ ಎದ್ದೆ. ಹಿಂದಲೆಯಿಂದ ಹಣೆಯವರೆಗೆ ಒತ್ತಡ ಬಂತು, ಕಿವಿಯೊಳಗೆ ಚೆಂಡೆ ಬಡಿದ ಹಾಗೆ ಪೆಟ್ಟು, ಕಣ್ಣಂಚಿಗೆ ಕಪ್ಪು. ಗೋಡೆ ದೂರ. ಎಂಜಲು ಕೈ ಬೇರೆ, ಪಕ್ಕದವರ ಹೆಗಲು ಹಿಡಿಯುವ ಹಾಗೂ ಇಲ್ಲ. ಎಲೆಯ ಮುಂದೆಯೇ ಮತ್ತೆ ಕೂತುಬಿಟ್ಟೆ. ಎಲೆ ತೆಗೆಯುವ ಹುಡುಗ ಬಂದ, ನನ್ನ ಎಲೆ ಬಿಟ್ಟು ಎರಡೂ ಬದಿಯದ್ದು ಮಡಚಿ ಬಕೆಟ್ಟಿಗೆ ಹಾಕಿದ. ಇಡೀ ಸಾಲಿನಲ್ಲಿ ನನ್ನದೊಂದೇ ಎಲೆ. ಅದರಲ್ಲಿ ನಾಲ್ಕು ಕರಿಬೇವು, ಜಗಿದ ನುಗ್ಗೆಸಿಪ್ಪೆ.

ಆಗ ಮಾವ ಬಂದದ್ದು. ಅವರು ಉಂಡದ್ದು ಟೇಬಲಿನಲ್ಲಿ. ಮೊಣಕಾಲು ನೋವು ಎಂದರೆ ಈಗ ಯಾವ ಕಾರ್ಯಕ್ರಮದಲ್ಲೂ ಟೇಬಲು ಸಿಗುತ್ತದೆ, ಎಕ್ಸ್‌ರೇ ತೋರಿಸಿ ಅಂತ ಯಾರೂ ಕೇಳುವುದಿಲ್ಲ. ಕೆಟ್ಟವರಲ್ಲ ಮಾವ. ಆದರೆ ಹೆಸರಿದ್ದರೆ ಮಾತ್ರ ಕಾಯಿಲೆ ಎಂದು ನಂಬುವ ಜಾತಿ. ಅವರ ಶುಗರಿನ ನಂಬರು ನೆಂಟರಿಗೆಲ್ಲ ಬಾಯಿಪಾಠ.

ನನ್ನ ಹತ್ತಿರವೂ ನಂಬರು ಉಂಟು, ಪ್ರಯೋಜನಕ್ಕೆ ಬರುವಂಥದ್ದಲ್ಲ ಅಷ್ಟೇ. ನಿಂತಾಗ ಯಾರಿಗಾದರೂ ಅರ್ಧ ಮುಕ್ಕಾಲು ಲೀಟರ್ ರಕ್ತ ಕಾಲಿಗೂ ಹೊಟ್ಟೆಗೂ ಇಳಿಯುತ್ತದೆ. ಕತ್ತಿನ ರಕ್ತನಾಳದ ನರಗಳು ಕೂಡಲೇ ಎಚ್ಚರಿಸುತ್ತವೆ, ಹೃದಯ ವೇಗ ಹೆಚ್ಚಿಸುತ್ತದೆ, ನಾಳಗಳು ಬಿಗಿಯಾಗುತ್ತವೆ. ಹೊಟ್ಟೆ ತುಂಬಾ ಉಂಡಿದ್ದರೆ, ಮೇಲಿನಿಂದ ಸೆಕೆಯೂ ಇದ್ದರೆ ಈ ಕೆಲಸ ಇನ್ನೂ ಕಷ್ಟ. ಉಪನಯನಕ್ಕೆ ಮೊದಲೇ ಡಾಕ್ಟರು ಮಲಗಿಸಿ ಬಿ.ಪಿ. ನೋಡಿದ್ದರು, ನಿಲ್ಲಿಸಿ ನೋಡಿದ್ದರು. 3 ನಿಮಿಷದೊಳಗೆ ಮೇಲಿನದ್ದು 20 ಅಥವಾ ಕೆಳಗಿನದ್ದು 10 ಇಳಿದರೆ ಅದಕ್ಕೊಂದು ಹೆಸರು. ಬಿ.ಪಿ. ಅಷ್ಟು ಇಳಿಯದೆ, 10 ನಿಮಿಷದೊಳಗೆ ನಾಡಿಬಡಿತ 30 ಏರಿ ಹಾಗೇ ನಿಂತರೆ ಇನ್ನೊಂದು. ನನ್ನದು ಮೇಲಿನದ್ದು 14 ಇಳಿಯಿತು, ನಾಡಿ 22 ಏರಿತು. ಎಂಆರ್‌ಐ ಕ್ಲೀನ್, ರಕ್ತ ಕ್ಲೀನ್. "ಯಾಕೆ ಅಂತ ಗೊತ್ತಾಗ್ತಾ ಇಲ್ಲ" ಎಂದು ಡಾಕ್ಟರು ನೇರವಾಗಿ ಹೇಳಿದರು. ಅದು ನನಗೆ ಇಷ್ಟವಾಯಿತು. ನೀರು ಜಾಸ್ತಿ ಕುಡಿಯಿರಿ, ಏಳುವ ಮೊದಲು ಮೀನಖಂಡ ಬಿಗಿ ಮಾಡಿ ಬಿಡಿ, ಒಮ್ಮೆಲೇ ಏಳಬೇಡಿ ಎಂದರು.

ಎಂತಕ್ಕೆ ಕೂತದ್ದು? ಬಿದ್ದು ಪಾಯಸದ ಪಾತ್ರೆಗೆ ತಲೆ ಕೊಡುವುದು ಬೇಡ ಅಂತ, ಮಾವ. ಇದು ಬಸ್ಸಲ್ಲಿ ಬರುವಾಗ ಹೊಳೆದ ಉತ್ತರ. ಅಲ್ಲಿ ಸುಮ್ನೆ ನಕ್ಕಿದ್ದೆ.

ದೊಡ್ಡಮ್ಮನ ನೆನಪು ಬಂತು. ಕಡೆಯುವ ಕಲ್ಲಿನ ಮುಂದಿನಿಂದ ಎದ್ದವಳು ಬಾಗಿಲ ದಾರಂದ ಹಿಡಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ದಾರಂದದಲ್ಲಿ ಆ ಎತ್ತರಕ್ಕೆ ಸರಿಯಾಗಿ ಎಣ್ಣೆಗೈಯ ಕಲೆ. "ಅವಳದ್ದು ಯಾವಾಗಲೂ ಉಂಟು" ಎನ್ನುತ್ತಿದ್ದರು ಮನೆಯವರು, ಹಿಟ್ಟಿನ ಪಾತ್ರೆ ಅವಳ ಕೈಗೇ ಕೊಟ್ಟು. ಅವಳ ಬಿ.ಪಿ.ಯನ್ನು ನಿಲ್ಲಿಸಿ ನೋಡುವುದಿರಲಿ, ಮಲಗಿಸಿ ನೋಡಿದವರೂ ಇರಲಿಲ್ಲ. ಅವಳಿಗೆ ರಕ್ತ ಕಡಿಮೆ ಇತ್ತೋ, ಊಟವೇ ಕಡಿಮೆ ಇತ್ತೋ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಿದ್ದವಳು. ನನ್ನ ಬಳಿ ಒಂದು ಫೈಲಾದರೂ ಇದೆ. ಅವಳಿಗೆ ಇದ್ದದ್ದು ಸೋಗು ಎಂಬ ಬಿರುದು ಮಾತ್ರ.

ಮುಂದಿನ ವಾರ ಮಂಗಳೂರಿನಲ್ಲಿ ಒಂದು ಮದುವೆ. ಟೇಬಲಿನವರ ಲೆಕ್ಕ ಬರೆಯುತ್ತಿದ್ದ ತಂಗಿಗೆ ಫೋನ್ ಮಾಡಿ ನನ್ನದೂ ಸೇರಿಸು ಎಂದೆ.

"ನಿಂಗೆಂತ ಆದದ್ದು? ಯಾರಾದ್ರೂ ಕೇಳಿದ್ರೆ?"

"ಮೊಣಕಾಲು ಅಂತ ಹೇಳು" ಎಂದೆ.