ಮನೆ ಬಾಗಿಲಲ್ಲಿ ಕೇಳುವ ಒಪ್ಪಿಗೆ

ಹಳ್ಳಿಗಳಲ್ಲಿ ಮಾನಸಿಕ ಆರೋಗ್ಯದ ಸಂಶೋಧನೆಗೆ ಮಾಹಿತಿ ಕಲೆಹಾಕುವ ತಂಡದಲ್ಲಿದ್ದೇನೆ. ಹೊಸಬರಿಗೆ ತರಬೇತಿ ಕೊಡುವುದೂ ನನ್ನ ಪಾಲಿನ ಕೆಲಸ. ಒಪ್ಪಿಗೆ ಪತ್ರವನ್ನು ಓದಿ ಹೇಳುವುದು, ಓದು ಬಾರದವರಾದರೆ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯ ಎದುರು ಹೆಬ್ಬೆಟ್ಟು ಹಾಕಿಸುವುದು, ಏಳು ದಾಟಿದ ಮಕ್ಕಳಾದರೆ ಹೆತ್ತವರ ಜೊತೆಗೆ ಮಗುವನ್ನೂ ಕೇಳುವುದು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿರುವ ಇದನ್ನೆಲ್ಲ ಅವರು ಬೇಗ ಕಲಿಯುತ್ತಾರೆ. ತೊಡಕಿರುವುದು ಕಾಗದದ ಆಚೆ.

ಊರೊಳಗೆ ನಮ್ಮನ್ನು ಕರೆದುಕೊಂಡು ಹೋಗುವವರು ಆಶಾ ಕಾರ್ಯಕರ್ತೆ. ಅವರಿಲ್ಲದಿದ್ದರೆ ಬಾಗಿಲೇ ತೆರೆಯುವುದಿಲ್ಲ. ಆದರೆ ಅವರು ಪಕ್ಕದಲ್ಲಿ ನಿಂತರೆ ಮನೆಯವರ ಕಣ್ಣಿಗೆ ಇದು ಸರ್ಕಾರದ ಕೆಲಸ. ಬೇಡ ಅಂದರೆ ರೇಷನ್ ಕಾರ್ಡಿಗೋ ಪಿಂಚಣಿಗೋ ಕುತ್ತು ಬಂದೀತು ಅನ್ನುವ ಅಳುಕು. ನಾವಿನ್ನೂ ಮೊದಲ ಸಾಲು ಓದಿರುವುದಿಲ್ಲ, ‘ಎಲ್ಲಿ ಸೈನ್ ಹಾಕ್ಬೇಕು ಹೇಳಿ ಮೇಡಂ’ ಅನ್ನುತ್ತಾರೆ. ಹೊಸಬರು ಇದನ್ನು ಸಹಕಾರ ಅಂದುಕೊಳ್ಳುತ್ತಾರೆ. ನನಗೆ ಅನುಮಾನ ಶುರುವಾಗುವುದೇ ಅಲ್ಲಿ. ಅದಕ್ಕೇ ಪರಿಚಯ ಮುಗಿದ ಕೂಡಲೇ ಆಶಾ ಅಕ್ಕನನ್ನು ಮುಂದಕ್ಕೆ ಕಳಿಸುತ್ತೇವೆ. ಯಾರು ಒಪ್ಪಿದರು, ಯಾರು ಒಲ್ಲೆ ಅಂದರು ಎಂಬುದನ್ನು ಅವರಿಗೂ ಹೇಳುವುದಿಲ್ಲ. ಕೂಲಿ ಬಿಟ್ಟು ಕೂತಿದ್ದಕ್ಕೆ ಕೊಡುವ ಹಣವನ್ನು ಮೊದಲೇ ಕೈಗಿಡುತ್ತೇವೆ, ನಡುವೆ ಎದ್ದು ಹೋದರೂ ಅದು ಅವರದೇ.

ಹಣವೊಂದರಿಂದಲೇ ಎದ್ದು ಹೋಗುವ ಧೈರ್ಯ ಬರುವುದಿಲ್ಲ ಅನ್ನಿ. 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್, ಮೇಲಿನವರು ಹೇಳಿದರೆ ಜನ ಎಷ್ಟರವರೆಗೆ ಮಾತು ಕೇಳುತ್ತಾರೆ ಎಂದು ನೋಡುವ ಪ್ರಯೋಗ ಶುರುಮಾಡಿದಾಗ, ಬಂದವರಿಗೆ ನಾಲ್ಕೂವರೆ ಡಾಲರ್ ಮೊದಲೇ ಕೊಟ್ಟು, ಏನಾದರೂ ಇದು ನಿಮ್ಮದೇ ಎಂದಿದ್ದರು. ಆದರೂ ಮೊದಲ ವರದಿಯಲ್ಲಿರುವ 40 ಜನರಲ್ಲಿ 26 ಜನ, ತಪ್ಪು ಉತ್ತರ ಕೊಟ್ಟಾಗಲೆಲ್ಲ ಪಕ್ಕದ ಕೋಣೆಯಲ್ಲಿದ್ದವನಿಗೆ ನಿಜಕ್ಕೂ ಶಾಕ್ ತಗಲುತ್ತಿದೆ ಎಂದೇ ನಂಬಿ 450 ವೋಲ್ಟ್‌ವರೆಗೂ ಗುಂಡಿ ಒತ್ತಿದರು. ಬೆವರಿದರು, ನಡುಗಿದರು, ತೊದಲಿದರು. ಹಿಂಜರಿದವರಿಗೆ ಪ್ರಯೋಗಕಾರ ಹೇಳುತ್ತಿದ್ದುದು ನಾಲ್ಕು ಸಿದ್ಧ ಮಾತುಗಳನ್ನು. ‘ದಯವಿಟ್ಟು ಮುಂದುವರಿಸಿ’ಯಿಂದ ಹಿಡಿದು ‘ನಿಮಗೆ ಬೇರೆ ದಾರಿಯಿಲ್ಲ’ದವರೆಗೆ.

ತರಬೇತಿಯಲ್ಲಿ ಇದನ್ನು ಹೇಳಿದರೆ ಎಲ್ಲರೂ ‘ಛೆ’ ಅನ್ನುತ್ತಾರೆ. ಆಮೇಲೆ ಅಣಕು ಸಂದರ್ಶನ ಮಾಡಿಸಿದರೆ ಅವರ ಬಾಯಲ್ಲೇ ಬರುತ್ತದೆ: ‘ಇನ್ನೆರಡೇ ಪ್ರಶ್ನೆ ಅಕ್ಕ, ಮುಗಿಸಿಬಿಡೋಣ.’ ಎಷ್ಟು ನಯವಾಗಿದ್ದರೂ ಇದೂ ಅದೇ ಜಾತಿಯ ಮಾತು. ನಮ್ಮಲ್ಲಿ ಇದಕ್ಕೆ ನಿಷೇಧ. ಎದುರಿಗಿರುವವರು ಪದೇಪದೇ ಒಲೆಯ ಕಡೆ ನೋಡಿದರೆ, ಉತ್ತರ ಹೂಂ ಉಹೂಂಗೆ ಇಳಿದರೆ, ‘ಸಾಕು ಮಾಡೋಣ್ವಾ?’ ಅಂತ ನಾವೇ ಕೇಳಬೇಕು. ಬಾಯಿಬಿಟ್ಟು ಬೇಡ ಅನ್ನುವವರು ಕಡಿಮೆ. ಮನೆಗೆ ಬಂದವರಿಗೆ ಹಾಗನ್ನುವುದು ಮರ್ಯಾದೆಯಲ್ಲ ಅನ್ನುವ ಊರುಗಳಿವು.

ಇನ್ನು ಪಿಎಚ್‌ಕ್ಯೂ-9, ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಹಾಳೆ. ಅದರ ಕೊನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಸೊಸೆಗೆ ಅದನ್ನು ಕೇಳುವಾಗ ಅತ್ತೆ ಹೊಸ್ತಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರೆ ನಿಜ ಬರುವುದಿಲ್ಲ. ಬಂದರೆ ಇನ್ನೂ ಕಷ್ಟ. ಯಾರಾದರೂ ಒಳಗೆ ಬಂದರೆ ತಕ್ಷಣ ಹೊರಳಿಕೊಳ್ಳಲು ಮಕ್ಕಳ ಲಸಿಕೆ, ನೀರಿನ ಪ್ರಶ್ನೆಗಳ ಇನ್ನೊಂದು ಹಾಳೆ ಜೊತೆಗಿರುತ್ತದೆ. ಜೀವಕ್ಕೆ ಅಪಾಯ ಕಂಡರೆ ವೈದ್ಯರಿಗೆ ತಿಳಿಸುತ್ತೇವೆ, ಅಷ್ಟರ ಮಟ್ಟಿಗೆ ಗುಟ್ಟು ಉಳಿಯುವುದಿಲ್ಲ ಎಂಬುದನ್ನು ಸಹಿಗೆ ಮೊದಲೇ ಹೇಳಿರುತ್ತೇವೆ. ಅಂಥ ಉತ್ತರ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ನಂಬರ್ ಬರೆದುಕೊಟ್ಟು ಎದ್ದು ಬರುವಂತಿಲ್ಲ. ಅಲ್ಲೇ ಕೂತು ನಮ್ಮ ಮನಶ್ಶಾಸ್ತ್ರಜ್ಞೆಗೆ ಫೋನ್ ಹಚ್ಚಿ, ಅವರಿಬ್ಬರೂ ಮಾತಾಡಿದ ಮೇಲೆಯೇ ಏಳುವುದು.

ಇದೆಲ್ಲ ಹಾಳಾಗುವುದು ದಿನಕ್ಕೆ ಇಷ್ಟು ಅನ್ನುವ ಟಾರ್ಗೆಟ್‌ನಿಂದ. ಪೂರ್ತಿ ತುಂಬಿದ ಹಾಳೆಗೆ ಮಾತ್ರ ದುಡ್ಡು ಅಂದರೆ ಯಾವ ಹುಡುಗ ತಾನೇ ‘ಸಾಕು ಮಾಡೋಣ್ವಾ’ ಅಂದಾನು? ಅರ್ಧಕ್ಕೆ ನಿಂತದ್ದಕ್ಕೂ, ಬಾಗಿಲಲ್ಲೇ ಬೇಡ ಅಂದದ್ದಕ್ಕೂ ನಮ್ಮಲ್ಲಿ ಪೂರ್ತಿ ಲೆಕ್ಕವೇ. ಒಂದು ಊರಿಂದ ಒಬ್ಬರೂ ಬೇಡ ಅನ್ನದೆ ಎಲ್ಲ ಹಾಳೆಯೂ ತುಂಬಿ ಬಂದರೆ ಮಾತ್ರ ಮರುದಿನ ನಾನೇ ಆ ಊರಿನ ಬಸ್ಸು ಹತ್ತುತ್ತೇನೆ.